ಒಂದೇ ಎಳೆತಕ್ಕೆ ಕಳಚುವ ಕೈಗವಸು

ವಿನೋಬನಗರದ ನಮ್ಮ ಮನೆಗೆ ಆಗೀಗ ಲೈನ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಬರುತ್ತಾರೆ. ನಾನು ಬೆಟ್ಟದಲ್ಲಿ ಹಗ್ಗ ಕಾದವನು ಎಂದು ಯಾರೋ ಹೇಳಿ ಕಳಿಸಿರುತ್ತಾರೆ. ಬಂದವರು ಮೊದಲು ಕೇಳುವುದು ಆನೆಯ ವಿಷಯ, ಆಮೇಲೆ ಹುಲಿಯ ವಿಷಯ. ಹುಲಿಯನ್ನು ನಾನು ನೋಡಿದ್ದೇನೆ, ಅದೂ ನನ್ನನ್ನು ನೋಡಿದೆ, ಇಬ್ಬರೂ ನಮ್ಮ ನಮ್ಮ ಕೆಲಸಕ್ಕೆ ಹೋದೆವು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಅವರು ಕಾಫಿ ಲೋಟ ಹಿಡಿದಾಗ ನಾನು ನೋಡುವುದು ಅವರ ಕೈಗಳನ್ನು. ನೆಟ್ಟಗೆ, ನುಣ್ಣಗೆ ಇರುವ ಆ ಬೆರಳುಗಳನ್ನು ಕಂಡರೆ ಸಂತೋಷವಾಗಬೇಕು. ನನಗೆ ಹಳೆಯ ಭಯವೇ ನೆನಪಾಗುತ್ತದೆ.

ಬಡ್ತಿ ಸಿಕ್ಕಿದ್ದು, ಕೊನೆಯ ದಿನ ಹಾರ ಹಾಕಿದ್ದು ಇವೆಲ್ಲ ಎಲ್ಲರಿಗೂ ಆಗುತ್ತವೆ, ಬಿಡಿ. ನಾನು ಹೇಳುವುದು ಕೈಗವಸಿನ ಮಾತು. ನಗುವವರು ನಗಲಿ. ಬೆಟ್ಟ ಹತ್ತುವವನಿಗೆ ಕಾಲಿಗೆ ಏನು ಹಾಕಬೇಕೆಂದು ಎಲ್ಲರೂ ಹೇಳುತ್ತಾರೆ, ಕೈಯ ವಿಷಯ ಯಾರೂ ಎತ್ತುವುದಿಲ್ಲ.

ಆ ಕಾಲಕ್ಕೆ ಭದ್ರಾವತಿಯ ಕುಲುಮೆಗೆ ಬೇಕಾದ ಅದಿರು ಬೆಟ್ಟದ ಗಣಿಯಿಂದ ಬರುತ್ತಿತ್ತು. ಗಣಿಯಿಂದ ಬೆಟ್ಟದ ಬುಡದವರೆಗೆ ಒಂದು ಉಕ್ಕಿನ ಹಗ್ಗ. ಆ ಹಗ್ಗಕ್ಕೆ ತೂಗುಬಿದ್ದು ಕಬ್ಬಿಣದ ಬಕೆಟ್ಟುಗಳು ಅದಿರು ತುಂಬಿಕೊಂಡು ಇಳಿಯುತ್ತಿದ್ದವು. ಬುಡದಲ್ಲಿ ಅದಿರನ್ನು ಟ್ರಾಮ್ ಗಾಡಿಗೆ ಸುರಿದರೆ ಅದು ಕಾಡಿನ ನಡುವೆ ಗಡಗಡ ಎನ್ನುತ್ತ ಭದ್ರಾವತಿಯ ಯಾರ್ಡಿಗೆ ಬಂದು ಸೇರುತ್ತಿತ್ತು. ದಾರಿಯುದ್ದಕ್ಕೂ ಹಗ್ಗವನ್ನು ಹೊರಲು ಎತ್ತರದ ಕಂಬಗಳಿದ್ದವು, ಕಂಬದ ತಲೆಯಲ್ಲಿ ರಾಟೆಗಳು. ಆ ಹಗ್ಗದ ಕೆಳಗೆ ಬೆಟ್ಟ ಹತ್ತಿ ಇಳಿದು ನಡೆಯುವುದು ನಮ್ಮ ಕೆಲಸ. ಹಗ್ಗ ನಿಲ್ಲಿಸಿದ ಹೊತ್ತಿನಲ್ಲಿ ಕಂಬ ಏರಿ, ರಾಟೆಗೆ ಗ್ರೀಸ್ ಹಾಕಿ, ಹಗ್ಗವನ್ನು ಅಂಗೈಯಿಂದ ಸವರಿ ನೋಡಬೇಕು. ಹರಿದು ಎದ್ದ ತಂತಿಯ ಎಳೆ ಕಣ್ಣಿಗೆ ಕಾಣದಿದ್ದರೂ ಅಂಗೈಗೆ ಸಿಗುತ್ತದೆ.

ಬರಿಗೈಯಲ್ಲಿ ಸವರಿದರೆ ಎಳೆ ಅಂಗೈಯನ್ನು ಸೀಳುತ್ತದೆ. ದಪ್ಪ ಕೈಗವಸು ಹಾಕಿದರೆ ಎಳೆ ಇದೆಯೆಂದೇ ಗೊತ್ತಾಗುವುದಿಲ್ಲ. ಇದು ಒಂದು ಕಷ್ಟ. ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ನಿಂತ ಹಗ್ಗ ಪೂರ್ತಿ ನಿಂತಿರುವುದಿಲ್ಲ. ತುಂಬಿದ ಬಕೆಟ್ಟುಗಳ ಭಾರಕ್ಕೆ ಅದು ಹೇಳದೆ ಕೇಳದೆ ಒಂದೆರಡು ಮೊಳ ಜಾರಿಬಿಡುತ್ತದೆ. ಆ ಗಳಿಗೆಯಲ್ಲಿ ಎದ್ದ ಎಳೆಯೊಂದು ಕೈಗವಸಿಗೆ ಕೊಕ್ಕೆಯ ಹಾಗೆ ಸಿಕ್ಕಿಕೊಂಡಿದ್ದರೆ, ಪಕ್ಕದಲ್ಲೇ ರಾಟೆ ಬಾಯಿ ತೆರೆದಿರುತ್ತದೆ. ಕೈಗವಸು ಕಳಚಿಕೊಂಡರೆ ಕೈಗವಸು ಹೋಯಿತು. ಕಳಚದಿದ್ದರೆ ಕೈ ಹೋಯಿತು.

ನಮ್ಮ ಮೇಸ್ತ್ರಿ ಮುನಿಸ್ವಾಮಿಯವರು ಸೇಲಂ ಕಡೆಯವರು. ಅವರ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಎಲ್ಲಿ ಹೋದವು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೆಳಿಗ್ಗೆ ಬೆಟ್ಟ ಹತ್ತುವ ಮೊದಲು ಅವರ ಎದುರು ಸಾಲಾಗಿ ನಿಂತು ಕೈ ಚಾಚಬೇಕು. ಅವರು ಪ್ರತಿಯೊಬ್ಬನ ಕೈಗವಸಿನ ಬೆರಳ ತುದಿ ಹಿಡಿದು ಒಂದು ಸಲ ಎಳೆಯುವರು. ಹೊರಗಿನ ಗವಸು ಒಂದೇ ಎಳೆತಕ್ಕೆ ಅವರ ಕೈಗೆ ಬರಬೇಕು. ಬಂದರೆ ಅದನ್ನು ಹಿಂದಕ್ಕೆ ಕೊಟ್ಟು, "ಬಂತು, ಹೋಗು" ಎನ್ನುವರು.

ಬರದಿದ್ದರೆ, "ಏನ್ ಪಾ, ಇದನ್ನ ಹಾಕ್ಕೊಂಡು ಕಂಬ ಹತ್ತೀಯಾ? ಕೆಳಗೇ ಕೂತ್ಕೋ. ಇವತ್ತು ನೀನು ಅನ್ನ ಬೇಯಿಸು" ಎನ್ನುವರು.

ಅವರಿಲ್ಲದ ದಿನ ಜೊತೆಯವರು ಒಬ್ಬರ ಕೈಯನ್ನು ಒಬ್ಬರು ಎಳೆದು ನೋಡಬೇಕು. ಇದನ್ನು ನಾವು 'ಕೈ ಎಳೆಯೋದು' ಎನ್ನುತ್ತಿದ್ದೆವು. ಯಾವ ಕಾಗದದಲ್ಲೂ ಬರೆದ ನಿಯಮವಲ್ಲ. ಆದರೆ ಅದೊಂದು ಎಳೆತವಿಲ್ಲದೆ ನಾನು ಯಾವತ್ತೂ ಕಂಬಕ್ಕೆ ಕಾಲಿಟ್ಟಿಲ್ಲ. ಎಳೆಸಿಕೊಂಡ ಮೇಲೂ ದಾರಿಯಲ್ಲಿ ನಾನೇ ಮತ್ತೆ ಮತ್ತೆ ಎಳೆದು ನೋಡಿಕೊಳ್ಳುತ್ತಿದ್ದೆ. ಹೀಗಾಗಿ ಲೈನಿನಲ್ಲಿ ನನಗೆ ಪುಕ್ಕಲು ಪರಮೇಶಿ ಎಂದೇ ಹೆಸರು ಬಿತ್ತು. ಹೆಸರಿನಿಂದ ನನಗೇನೂ ನಷ್ಟವಾಗಲಿಲ್ಲ.

ಮೊದಲ ವರ್ಷ ನಮಗೆ ಕೊಟ್ಟದ್ದು ಕುಲುಮೆಯವರು ಹಾಕುವ ಕೈಗವಸು. ಮೊಣಕೈವರೆಗೆ ಬರುವ ದಪ್ಪ ಚರ್ಮ. ಬೆಂಕಿಗೆ ಸರಿ, ಬೆಟ್ಟಕ್ಕೆ ಅಲ್ಲ. ಅದನ್ನು ಹಾಕಿಕೊಂಡು ಬಳ್ಳಿ ಹಿಡಿಯಲೂ ಆಗದು, ಬೀಡಿ ಹಚ್ಚಲೂ ಆಗದು. ಮಳೆಗಾಲದಲ್ಲಿ ಅದು ನೀರು ಕುಡಿದು ಎಮ್ಮೆಯಷ್ಟು ಭಾರವಾಯಿತು. ಒಂದು ಸಂಜೆ ನಾನು ಬುದ್ಧಿವಂತನ ಹಾಗೆ ಅದನ್ನು ಕೈಯಲ್ಲೇ ಹಾಕಿಕೊಂಡು ಒಲೆಯ ಮುಂದೆ ಕುಳಿತು ಒಣಗಿಸಿದೆ. ಒಣಗಿತು ನಿಜ. ಜೊತೆಗೆ ಸೆಟೆದು, ಕುಗ್ಗಿ, ಮಣಿಕಟ್ಟಿಗೆ ಕಚ್ಚಿಕೊಂಡಿತು. ಎಳೆದರೆ ಬರಲಿಲ್ಲ. ಇಬ್ಬರು ಹಿಡಿದು ಎಳೆದರೂ ಬರಲಿಲ್ಲ. ಬೆರಳುಗಳು ಜುಮ್ಮೆನ್ನತೊಡಗಿದಾಗ ನಾನು ಮಕ್ಕಳ ಹಾಗೆ ಅತ್ತೇ ಬಿಟ್ಟೆ. ಮೇಸ್ತ್ರಿ ಚಾಕು ತಂದು, ಚರ್ಮವನ್ನು ಉದ್ದಕ್ಕೂ ಕೊಯ್ದು ಬಿಡಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಕೈಯನ್ನು ತಮ್ಮ ಮೂರು ಬೆರಳಿನ ಕೈಯಲ್ಲಿ ಹಿಡಿದು ಬಹಳ ಹೊತ್ತು ತಿಕ್ಕುತ್ತ ಕುಳಿತರು. ಕೈಗವಸು ಕೈಯನ್ನು ಕಾಯುವ ಹಾಗೆ ಹಿಡಿದೂ ಹಾಕುತ್ತದೆ ಎಂಬ ಭಯ ನನಗೆ ಹತ್ತಿದ್ದು ಆವತ್ತು. ಅದು ಇವತ್ತಿಗೂ ಇಳಿದಿಲ್ಲ.

ಆಮೇಲೆ ಮೇಸ್ತ್ರಿ ನನ್ನನ್ನು ಶಿವಮೊಗ್ಗಕ್ಕೆ ಕಳಿಸಿದರು. ಬಜಾರಿನಲ್ಲಿ ಕರೀಂ ಸಾಬರು ಎಂಬುವರು ಜಟಕಾ ಗಾಡಿಯ ಕುದುರೆಗಳಿಗೆ ಲಗಾಮು, ಜೀನು ಹೊಲಿಯುತ್ತಿದ್ದರು. ಬೆಟ್ಟಕ್ಕೆ ಕೈಗವಸು ಬೇಕು ಎಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕುದುರೇದು ಅಳತೆ ಗೊತ್ತು ನಂಗೆ. ನಿಮ್ದು ತೋರ್ಸಿ. ಹಾಗಲ್ಲ, ಮುಷ್ಟಿ ಹಿಡೀರಿ. ಬಿಚ್ಚಿ. ಹಾಂ, ಮತ್ತೆ ಹಿಡೀರಿ."

ಮುಷ್ಟಿ ಹಿಡಿದಾಗ ಕೈ ಎಷ್ಟು ಉಬ್ಬುತ್ತದೋ ಅದರ ಮೇಲೆ ಒಂದು ಬೆರಳು ಸಡಿಲ ಬಿಟ್ಟು ಅವರು ಮೇಕೆಯ ಚರ್ಮದಲ್ಲಿ ಹೊಲಿದು ಕೊಟ್ಟರು. ಮೊದಲ ಜೊತೆ ಬಿಗಿಯಾಗಿತ್ತು, ಎರಡನೆಯದು ದೊಗಳೆಯಾಗಿತ್ತು. ಮೂರನೆಯ ಸಲಕ್ಕೆ ಹದ ಸಿಕ್ಕಿತು. ಅಲ್ಲಿಂದ ಮುಂದೆ ನಮ್ಮ ಗುಂಪಿಗೆಲ್ಲ ಅವರದೇ ಚರ್ಮ.

ಹೊರಗಿನದು ಚರ್ಮವಾಯಿತು. ಒಳಗೆ ಏನು ಹಾಕಬೇಕು ಎಂಬುದನ್ನು ಕಾಲ ಹೇಳುತ್ತದೆ. ಕಾರ್ತಿಕ ಕಳೆದು ಚಳಿ ಇಳಿದಾಗ ಬೆಳಗಿನ ಹೊತ್ತು ಉಕ್ಕಿನ ಹಗ್ಗ ಮಂಜುಗಡ್ಡೆಯ ಹಾಗಿರುತ್ತದೆ. ಆಗ ಮೈಗೆ ತಾಗಿದಂತೆ ಹಳೆಯ ಪಂಚೆಯ ಬಟ್ಟೆಯದೊಂದು, ಅದರ ಮೇಲೆ ಸವೆದ ಕಂಬಳಿಯದೊಂದು, ಹೊರಗೆ ಚರ್ಮ. ಹೊಸ ಕಂಬಳಿ ಬೇಡ, ಚುಚ್ಚುತ್ತದೆ. ಬಿಸಿಲು ಏರಿದ ಮೇಲೆ ಕಂಬಳಿಯದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಇಲ್ಲದಿದ್ದರೆ ಕೈ ಬೆವತು ಸಂಜೆಯ ಗಾಳಿಗೆ ಮತ್ತಷ್ಟು ಕೊರೆಯುತ್ತದೆ. ಬೇಸಿಗೆಯಲ್ಲಿ ಕಂಬಳಿಯ ಮಾತೇ ಇಲ್ಲ. ಬಟ್ಟೆಯ ಒಳಗವಸು ಎರಡು ಜೊತೆ ಇಟ್ಟುಕೊಳ್ಳಿ, ಮಧ್ಯಾಹ್ನಕ್ಕೆ ಬದಲಿಸಿ. ಬೆವತ ಬಟ್ಟೆ ಹೊರಗಿನ ಚರ್ಮಕ್ಕೆ ಅಂಟಿಕೊಂಡರೆ ಎರಡೂ ಒಂದಾಗಿ ಕೈಯನ್ನು ಹಿಡಿಯುತ್ತವೆ. ಮಳೆಗಾಲವಂತೂ ಬೇರೆಯದೇ ಲೋಕ. ಕಂಬಳಿ ತುಂಡು ನೀರು ಕುಡಿಯುತ್ತದೆ, ಬಟ್ಟೆ ನೀರು ಕುಡಿಯುತ್ತದೆ. ಬರೀ ಚರ್ಮಕ್ಕೆ ಹೊರಗೂ ಒಳಗೂ ಹರಳೆಣ್ಣೆ ಉಜ್ಜಿ ಹಾಕಿಕೊಳ್ಳಬೇಕು. ಮಣಿಕಟ್ಟಿನ ಹತ್ತಿರ ರಕ್ತ ಹೀರುವ ಇಂಬಳ ನುಗ್ಗದ ಹಾಗೆ ಹೊಗೆಸೊಪ್ಪಿನ ನೀರು ಸವರಬೇಕು. ಯಾವ ಕಾಲವಾದರೂ ಸರಿ, ಒಳಗಿನದು ಕೈಗೆ ಅಂಟಿರಲಿ, ಹೊರಗಿನದು ಕೈಯ ಮೇಲೆ ಕುಳಿತಿರಲಿ, ಅಷ್ಟೇ.

ಮುಂದೆ ಯುದ್ಧದ ಕಾಲದಲ್ಲಿ ಚರ್ಮಕ್ಕೆ ತತ್ವಾರವಾಗಿ ಕ್ಯಾನ್ವಾಸಿನವು ಬಂದವು. ಆಮೇಲೆ ಮಣಿಕಟ್ಟಿಗೆ ರಬ್ಬರು ಬಿಗಿದ ಮಿಷನ್ ಹೊಲಿಗೆಯವು ಬಂದವು. ನೋಡಲು ಬಲು ಚೆಂದ. ನಾನು ಅವುಗಳ ರಬ್ಬರನ್ನು ಕತ್ತರಿಸಿ ಹಾಕಿಕೊಂಡೆ. ಹೊಸ ಓವರ್‌ಸಿಯರು ಸಿಟ್ಟಾದರು, ಆಗಲಿ.

ಇಷ್ಟು ಕಾಟ ನನಗೆ ಯಾಕೆ ಎಂದು ಕೇಳಿದರೆ, ಅದಕ್ಕೆ ಕಾರಣ ನನ್ನ ಭಾವ ಸಿದ್ಧಪ್ಪ.

ಭಾವ ಎಂದರೆ ನಮ್ಮ ಗೌರಕ್ಕನ ಗಂಡ. ಕುಂಸಿಯಲ್ಲಿ ಅಣ್ಣತಮ್ಮಂದಿರ ಜೊತೆ ಹೊಂದಿಕೆಯಾಗದೆ ಇದ್ದವರನ್ನು ಈ ಕೆಲಸಕ್ಕೆ ಕರೆತಂದವನು ನಾನೇ. ಭದ್ರಾವತಿಯಲ್ಲಿ ಒಂದು ಸಣ್ಣ ಮನೆ ಮಾಡಿದರು. ಅಕ್ಕ ನೆರೆಮನೆಯ ಹೆಂಗಸರ ಜೊತೆ ಯಾರ್ಡಿನಲ್ಲಿ ಅದಿರಿನೊಳಗಿನ ಮಣ್ಣುಹೆಂಟೆ, ಬೇರು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು. ಭಾವ ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವ ಪೈಕಿ. ಕಂಬದ ಮೇಲೆ ಕುಳಿತು ಹಾಡು ಹೇಳುವರು. ಅವರು ಒಂದು ಮೆಟ್ಟಿಲು ಹತ್ತಿದರೆ ಕೆಳಗೆ ನನ್ನ ಎದೆ ಎರಡು ಸಲ ಬಡಿಯುತ್ತಿತ್ತು.

ಭಾವ ಮೊದಲ ಸಲ ಬೆಟ್ಟಕ್ಕೆ ಹೊರಡುವ ದಿನ ಅಕ್ಕ ಕೇಳಿದ್ದಳು: "ಏನು ಕೆಲಸನೋ ಅದು? ಅಪಾಯ ಗಿಪಾಯ ಇಲ್ಲ ತಾನೇ?"

ನಾನು ಬಾಯಿ ತೆರೆಯುವುದರೊಳಗೆ ಭಾವ ಹೇಳಿಬಿಟ್ಟರು: "ನಡೆಯೋ ಕೆಲಸ ಮಾರಾಯ್ತಿ. ಬೆಟ್ಟ ಹತ್ತೋದು, ಹಗ್ಗ ನೋಡೋದು, ಇಳಿಯೋದು. ಊರಲ್ಲಿ ದನ ಕಾಯೋದಕ್ಕಿಂತ ಸುಲಭ."

"ಮತ್ತೆ ಈ ಗ್ಲೌಸು ಯಾಕೆ?"

"ಮುಳ್ಳಿಗೆ. ಚಳಿಗೆ."

ನಾನೂ ಹೂಂ ಎಂದೆ. ಅಕ್ಕ ಅದನ್ನೇ ನಂಬಿದಳು. ಚಳಿಗೆ ಬೆಚ್ಚಗಿರಲಿ ಎಂದು ನಮ್ಮಿಬ್ಬರ ಒಳಗವಸುಗಳನ್ನು ಅವಳೇ ಹೊಲಿದು ಕೊಡುತ್ತಿದ್ದಳು. ಅವಳ ಕೈಯ ಹೊಲಿಗೆ ಇರುವೆ ಸಾಲಿನ ಹಾಗೆ ಸಣ್ಣದು, ಬಿಗಿಯಾದದ್ದು.

ಆ ವರ್ಷ ಭಾವ ಎರಡು ಸಲ ಹೊರಗವಸನ್ನು ಕಂದರಕ್ಕೆ ಬೀಳಿಸಿಕೊಂಡು ಬಂದರು. ಸಡಿಲ ಇರುವುದು ಬಿದ್ದೇ ಬೀಳುತ್ತದೆ, ಅದಕ್ಕೆ ಮೇಸ್ತ್ರಿ ಗೊಣಗಿ ಸುಮ್ಮನಾಗುತ್ತಿದ್ದರು. ಆದರೆ ಮನೆಯಲ್ಲಿ ಅಕ್ಕ ಸುಮ್ಮನಾಗಲಿಲ್ಲ. ಚಳಿಯಲ್ಲಿ ಗಂಡ ಬರಿಗೈಯಲ್ಲಿ ಬೆಟ್ಟ ಇಳಿದು ಬಂದರಲ್ಲ ಎಂಬ ಸಂಕಟ ಅವಳಿಗೆ. ಪುಷ್ಯದ ಚಳಿ ಹಿಡಿದಿದ್ದಾಗ ಒಂದು ವಾರದ ರಜೆ ಮುಗಿಸಿ ಭಾವ ಬೆಟ್ಟದ ಬುಡದ ನಮ್ಮ ಗುಡಿಸಲಿಗೆ ಬಂದರು. ಬೆಳಿಗ್ಗೆ ಎಂದಿನಂತೆ ನಾನು ಅವರ ಕೈ ಎಳೆದೆ. ಬರಲಿಲ್ಲ.

ಮತ್ತೆ ಎಳೆದೆ. ಕೈಯೇ ಬಂತು, ಗವಸು ಬರಲಿಲ್ಲ. ತಿರುಗಿಸಿ ನೋಡಿದರೆ ಮಣಿಕಟ್ಟಿನ ಸುತ್ತ ಬಟ್ಟೆ, ಕಂಬಳಿ, ಚರ್ಮ ಮೂರನ್ನೂ ಸೇರಿಸಿ ದಬ್ಬಣದಲ್ಲಿ ಕಪ್ಪು ದಾರದ ಹೊಲಿಗೆ ಹಾಕಿದೆ. ಕಂಬಳಿಯ ಬಾಯಿಯನ್ನು ಗಾಳಿ ನುಗ್ಗದಂತೆ ಬಿಗಿಯಾಗಿ ಸುಕ್ಕು ಹಿಡಿಸಿದೆ. ಇನ್ನು ಇದು ಕೈಯಿಂದ ಬೀಳುವ ಮಾತೇ ಇಲ್ಲ.

"ಭಾವ, ಇದೇನಿದು!"

"ನಿಮ್ಮಕ್ಕ ಮಾರಾಯ. 'ಈ ಸಲ ಹೆಂಗೆ ಬೀಳಿಸ್ಕೊಂಡು ಬರ್ತೀರೋ ನೋಡ್ತೀನಿ' ಅಂದ್ಲು. ನೋಡು, ಎಷ್ಟು ಬೆಚ್ಚಗಿದೆ."

"ಬಿಚ್ಚಿ ಅದನ್ನ. ಚಾಕು ಕೊಡ್ತೀನಿ."

"ಎರಡು ರಾತ್ರಿ ಕೂತು ಹೊಲಿದಿದಾಳೆ ಕಣೋ. ಬಿಚ್ಚಿದ್ದು ಗೊತ್ತಾದ್ರೆ ಯಾಕೆ ಅಂತ ಕೇಳ್ತಾಳೆ. ಏನು ಹೇಳ್ಲಿ? ರಾಟೆ ಕತೆ ಹೇಳ್ಲಾ? ಆಮೇಲೆ ಅವಳು ನನ್ನ ಬೆಟ್ಟಕ್ಕೆ ಬಿಡ್ತಾಳಾ?"

ಅವರ ಮಾತಿನಲ್ಲೂ ಸತ್ಯವಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಯಿತು ನನ್ನ ಸ್ಥಿತಿ. ಮೇಸ್ತ್ರಿ ಆ ವಾರ ಮೇಲಿನ ಗಣಿಯ ಕಡೆ ಇದ್ದರು. ನಾನು ಒಂದು ಉಪಾಯ ಮಾಡಿದೆ. ನಮ್ಮ ಪಾಲಿನ ಕಂಬಗಳನ್ನೆಲ್ಲ ನಾನೇ ಹತ್ತಿದೆ, ಭಾವನನ್ನು ಕೆಳಗೆ ಗ್ರೀಸ್ ಡಬ್ಬಿ ಹಿಡಿದು ನಿಲ್ಲಿಸಿದೆ. ದಿನಾ ಬೆಳಿಗ್ಗೆ ಕೈ ಎಳೆಯುವುದು, ಬರುವುದಿಲ್ಲ, ಜಗಳ. ಅವರು ನಗುತ್ತಿದ್ದರು, ನಾನು ಬೆವರುತ್ತಿದ್ದೆ. "ಪುಕ್ಕಲು ಪರಮೇಶಿ ಇರೋ ತನಕ ನಂಗೇನು ಭಯ" ಎಂದು ಡಬ್ಬಿಯ ಮೇಲೆ ತಾಳ ಹಾಕುವರು. ರಾತ್ರಿ ಮಲಗಿದರೆ ಕಣ್ಣ ಮುಂದೆ ಆ ಕಪ್ಪು ದಾರ.

ಹೀಗಿರುವಾಗ ಮೇಲಿನಿಂದ ಮೇಸ್ತ್ರಿಯ ಆಜ್ಞೆ ಬಂತು. ಕರೀಂ ಸಾಬರ ಹತ್ತಿರ ಗುಂಪಿನ ಹೊಸ ಕೈಗವಸುಗಳು ಸಿದ್ಧವಾಗಿವೆ, ಪರಮೇಶಿ ಹೋಗಿ ತರಲಿ ಎಂದು. ಹೆದರುವವನ ಮೇಲೆ ಹಾವು ಎಸೆದ ಹಾಗಾಯಿತು. ನಾನು ಹೋದರೆ ಕಂಬ ಹತ್ತುವುದು ಭಾವನೇ. ಜೊತೆಗಿರುವವನು ತಿಮ್ಮಯ್ಯ, ತೀರಾ ಸಂಕೋಚದ ಮನುಷ್ಯ. ಭಾವ ಬೇಡ ಎಂದರೆ ಅವರ ಕೈ ಎಳೆಯುವ ಪೈಕಿಯೇ ಅಲ್ಲ.

"ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ಬಿಚ್ಚಿ ಹಾಕ್ಕೊಳ್ಳಿ."

"ಹೋಗಿ ಬಾ ಮಾರಾಯ. ನಾಳೆ ಒಂದು ದಿನ ತಾನೇ?"

ಒಂದು ದಿನ. ರಾಟೆಗೆ ಒಂದು ಗಳಿಗೆ ಸಾಕಲ್ಲ.

ಸಂಜೆಯ ಟ್ರಾಮಿನಲ್ಲಿ ಭದ್ರಾವತಿಗೆ ಇಳಿದು ಅಕ್ಕನ ಮನೆಗೆ ಹೋದೆ. ದಾರಿಯಲ್ಲಿ ನಿಶ್ಚಯ ಮಾಡಿಕೊಂಡಿದ್ದೆ, ಅಕ್ಕನಿಗೆ ಎಲ್ಲ ಹೇಳಿಬಿಡುವುದು, ಅವಳೇ ಬಿಚ್ಚಲು ಹೇಳಿ ಕಳಿಸಲಿ ಎಂದು. ಆದರೆ ಬೆಳಗಿನ ಟ್ರಾಮಿಗಿಂತ ಮೊದಲು ಆ ಮಾತು ಬೆಟ್ಟಕ್ಕೆ ಮುಟ್ಟುವ ದಾರಿ ಇರಲಿಲ್ಲ, ಟ್ರಾಮ್ ಮುಟ್ಟುವಷ್ಟರಲ್ಲಿ ಭಾವ ಕಂಬದ ಮೇಲಿರುತ್ತಾರೆ. ಹೇಳಿದರೆ ಅವಳಿಗೂ ನಿದ್ದೆ ಹೋಗುತ್ತದೆ ಅಷ್ಟೆ. ಬಿಸಿ ಮುದ್ದೆ ಬಡಿಸುತ್ತ ಅವಳು ಕೇಳಿದಳು: "ಗ್ಲೌಸು ಹೆಂಗಿದೆಯಂತೆ? ಬೆಚ್ಚಗಿದೆಯಂತಾ?"

"ಬೆಚ್ಚಗಿದೆ ಅಕ್ಕ."

"ಈ ಸಲ ಬೀಳಲ್ಲ ಬಿಡು" ಎಂದು ಅವಳು ಒಳಗೊಳಗೇ ನಕ್ಕಳು. ನಾನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮಾರನೆಯ ದಿನ ಶಿವಮೊಗ್ಗದ ಬಜಾರಿನಲ್ಲಿ ನಾನು ಏನು ನೋಡಿದೆ, ಏನು ತಿಂದೆ, ಒಂದೂ ನೆನಪಿಲ್ಲ. ಕರೀಂ ಸಾಬರು ಕೈಗವಸುಗಳನ್ನು ಒಂದೊಂದಾಗಿ ತೋರಿಸಿ ಗಂಟು ಕಟ್ಟುತ್ತಿದ್ದರು, ನಾನು ಬಾಗಿಲ ಕಡೆ ನೋಡುತ್ತಿದ್ದೆ. "ಕ್ಯಾ ಪರಮೇಶಿ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದರು. ನಾನು ಎಲ್ಲ ಹೇಳಿಬಿಟ್ಟೆ, ಅದನ್ನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲ ಸಲ. ಗಂಟು ಕಟ್ಟುತ್ತಿದ್ದ ಅವರ ಕೈ ನಿಂತಿತು. "ಮೂರೂ ಸೇರ್ಸಿ ಹೊಲಿದಿದಾರಾ?" ಎಂದು ಮತ್ತೆ ಕೇಳಿದರು. ಆಮೇಲೆ ಗಂಟನ್ನು ನನ್ನ ಕೈಗಿಟ್ಟು, "ಬೇಗ ಹೋಗ್ರಿ, ರೈಲು ಸಿಗುತ್ತೆ" ಎಂದರು. ಅವರ ಮುಖ ನೋಡಿ ನನ್ನ ಭಯ ಇಮ್ಮಡಿಯಾಯಿತು. ನನ್ನದು ಬರೀ ಪುಕ್ಕಲುತನವಲ್ಲ ಎಂದು ಆಗ ಗೊತ್ತಾಯಿತು.

ಮಧ್ಯಾಹ್ನದ ಮೇಲೆ ಭದ್ರಾವತಿಯಲ್ಲಿ ಇಳಿದವನು ಮನೆಗೆ ಹೋಗದೆ ನೇರ ಯಾರ್ಡಿಗೆ ಹೋದೆ. ಬೆಟ್ಟದ ಸುದ್ದಿ ಮೊದಲು ಬರುವುದು ಅಲ್ಲಿಗೆ. ಅದಿರಿನ ಗಾಡಿ ಆಗಷ್ಟೇ ಬಂದು ಸುರಿದಿತ್ತು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ರಾಶಿಯ ಸುತ್ತ ಕೂತಿದ್ದರು. ಅಕ್ಕ ನನ್ನನ್ನು ಕಂಡವಳೇ ಎದ್ದು ನಿಂತು ಕೈ ಬೀಸಿದಳು. ಆ ಕೈಯಲ್ಲಿ ಏನೋ ಇತ್ತು.

"ಪರಮೇಶಿ, ಬಾ ಇಲ್ಲಿ! ನೋಡೋ ನಿಮ್ಮ ಭಾವನ ಪ್ರತಾಪ. ಅಷ್ಟು ಬಿಗಿಯಾಗಿ ಹೊಲಿದು ಕೊಟ್ರೂ ಬೀಳಿಸ್ಕೊಂಡಿದಾರೆ. ಅದಿರಿನ ಜೊತೆ ಬಂದಿದೆ!"

ಸುತ್ತಲಿನ ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅದು ಭಾವನ ಬಲಗೈಯ ಗವಸು. ಹೆಬ್ಬೆರಳ ಹತ್ತಿರ ಸಾಬರು ಹಾಕಿದ ತೇಪೆ ನನಗೆ ದೂರದಿಂದಲೇ ಕಂಡಿತು. ಅಂಗೈಯ ಚರ್ಮ ಉದ್ದಕ್ಕೂ ಸೀಳಿತ್ತು. ಗವಸಿನ ಬೆರಳುಗಳು ಹಪ್ಪಳದ ಹಾಗೆ ಚಪ್ಪಟೆಯಾಗಿದ್ದವು, ಅವಕ್ಕೆ ರಾಟೆಯ ಕಪ್ಪು ಗ್ರೀಸ್ ಹತ್ತಿಕೊಂಡಿತ್ತು. ಅದಿರಿನ ಕೆಂಪು ಧೂಳು ಮೆತ್ತಿದ್ದರಿಂದ ಬೇರೆ ಕೆಂಪು ಇದೆಯೇ ಇಲ್ಲವೇ ತಿಳಿಯುವಂತಿರಲಿಲ್ಲ.

ಜೀವ ಬಾಯಿಗೆ ಬಂತು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ. ನನ್ನ ಗಂಟು ಕೆಳಗೆ ಬಿತ್ತು. ಅಕ್ಕ ಗವಸನ್ನು ನನ್ನ ಮುಂದೆ ಹಿಡಿದಳು. ತೆಗೆದುಕೊಳ್ಳಲು ನನ್ನ ಕೈ ಏಳಲಿಲ್ಲ. ಅದರ ಒಳಗೆ ಏನಿದೆ ಎಂದು ನೋಡಬೇಕಾದವನು ನಾನು. ನೋಡಲಾರೆ. ಕಂಬಳಿಯೂ ಬಟ್ಟೆಯೂ ಅದರೊಳಗೇ ಇದ್ದರೆ ಮೂರೂ ಪದರ ಕೂಡಿ ಹೋಗಿವೆ ಎಂದು ಅರ್ಥ. ಅಷ್ಟು ಬಿಗಿ ಹೊಲಿಗೆ ತಾನಾಗಿ ಕೈ ಬಿಡುವುದಲ್ಲ.

"ಯಾಕೋ ಹಂಗೆ ನಿಂತೆ? ಹಿಡ್ಕೋ" ಎಂದಳು ಅಕ್ಕ.

ಹಿಡಿದುಕೊಂಡೆ. ಹಗುರವಾಗಿತ್ತು. ಕಣ್ಣು ಮುಚ್ಚಿ ಒಳಗೆ ಬೆರಳು ಹಾಕಿದೆ. ಬರೀ ಚರ್ಮ. ಮತ್ತೆ ತಡವಿದೆ. ಬಟ್ಟೆ ಇಲ್ಲ, ಕಂಬಳಿ ಇಲ್ಲ. ಬಾಯಿಯ ಅಂಚನ್ನು ಹೊರಳಿಸಿದೆ. ಸುತ್ತಲೂ ದಬ್ಬಣದ ತೂತುಗಳು, ತೂತಿನಲ್ಲಿ ಕಪ್ಪು ದಾರದ ಚೂರುಗಳು. ಹರಿದದ್ದಲ್ಲ, ಒಂದೊಂದನ್ನೂ ಚಾಕುವಿನಿಂದ ಕುಯ್ದದ್ದು.

ಅಕ್ಕನೂ ಬಗ್ಗಿ ನೋಡಿದಳು. ಅವಳ ನಗು ನಿಂತಿತು. "ಯಾರೋ ಬಿಚ್ಚಿದ್ದು ಇದನ್ನ? ಎರಡು ರಾತ್ರಿ ಕೂತು ಹೊಲಿದಿದೀನಿ. ನೀನಾ?"

ಸಿಟ್ಟಿನಿಂದ ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಆ ಅದಿರಿನ ರಾಶಿಯ ಪಕ್ಕದಲ್ಲೇ ಕುಸಿದು ಕುಳಿತು, ಅಷ್ಟು ಹೆಂಗಸರ ಎದುರು ಬಿಕ್ಕಿ ಬಿಕ್ಕಿ ಅತ್ತೆ. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಹಗ್ಗ ಜಾರುವುದು, ಎಳೆ ಸಿಕ್ಕುವುದು, ರಾಟೆ, ಮೇಸ್ತ್ರಿಯ ಬೆರಳು, ಬೆಳಿಗ್ಗೆ ಕೈ ಎಳೆಯುವುದು ಎಲ್ಲ. ಗವಸು ಬಂದಿದೆ, ಒಳಗಿನದು ಬಂದಿಲ್ಲ, ಅಂದರೆ ಒಳಗಿನದು ಕೈಯಲ್ಲಿದೆ, ಕೈ ಇದೆ ಎಂದೆ. ಇದೆ ಎಂದು ನಾನೇ ನನಗೆ ಎಷ್ಟು ಸಲ ಹೇಳಿಕೊಂಡೆನೋ.

ಅಕ್ಕ ಗವಸನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಆ ತೂತುಗಳ ಮೇಲೆ ಹೆಬ್ಬೆರಳು ಆಡಿಸುತ್ತ ಟ್ರಾಮ್ ಬರುವ ದಾರಿಯನ್ನೇ ನೋಡುತ್ತ ಕುಳಿತಳು. ಬೇರೆ ಹೆಂಗಸರು ಅವಳ ಪಾಲಿನ ಅದಿರನ್ನೂ ಆರಿಸಿದರು. ಬಿಸಿಲು ಇಳಿಯಿತು. ಚಳಿ ಏಳತೊಡಗಿತು. ಬೆಟ್ಟದಲ್ಲಿ ಟೆಲಿಫೋನ್ ಇತ್ತು, ಆದರೆ ನಮ್ಮಂಥವರ ಕೈಗೆ ಸಿಗುವ ಜಾಗದಲ್ಲಿ ಇರಲಿಲ್ಲ. ನನ್ನ ಮನಸ್ಸು ಮತ್ತೆ ಕೆಟ್ಟದ್ದನ್ನೇ ಹುಡುಕತೊಡಗಿತು. ಕೈ ಉಳಿದಿರಬಹುದು, ಕಂಬದಿಂದ ಬಿದ್ದಿದ್ದರೆ? ಅದನ್ನು ಅಕ್ಕನಿಗೆ ಹೇಳಲಿಲ್ಲ. ಅವಳೂ ಅದನ್ನೇ ಯೋಚಿಸುತ್ತಿದ್ದಳೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಟ್ರಾಮ್ ಬಂತು. ಕೊನೆಯ ಗಾಡಿಯಲ್ಲಿ, ಅದಿರಿನ ಮೇಲೆ ಗೋಣಿ ಹೊದ್ದು ಕುಳಿತವರು ಭಾವ. ಎಡಗೈಯಲ್ಲಿ ಚರ್ಮದ ಗವಸು. ಬಲಗೈಯಲ್ಲಿ ಬರೀ ಕಂಬಳಿಯದು. ಆ ಬಲಗೈಯಿಂದಲೇ ಸರಳು ಹಿಡಿದು ಕೆಳಗೆ ಇಳಿದರು. ನಮ್ಮಿಬ್ಬರನ್ನೂ ಅಲ್ಲಿ ಕಂಡು, ಅಕ್ಕನ ಮಡಿಲಿನಲ್ಲಿದ್ದ ಗವಸನ್ನೂ ಕಂಡು, ತಪ್ಪು ಮಾಡಿದ ಹುಡುಗನ ಹಾಗೆ ಅಲ್ಲೇ ನಿಂತುಬಿಟ್ಟರು.

"ಗೌರಿ, ಬೈಬೇಡ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀನು ಇರೋ ತನಕ ನಂಗೆ ಏನೂ ಅನ್ನಿಸ್ತಿರ್ಲಿಲ್ಲ ಕಣೋ. ನನ್ನ ಭಯನೂ ನೀನೇ ಪಡ್ತಿದ್ದೆಯಲ್ಲ. ಇವತ್ತು ಬೆಳಿಗ್ಗೆ ಕೈ ಚಾಚಿದ್ರೆ ಎಳೆಯೋರು ಯಾರೂ ಇಲ್ಲ. ತಿಮ್ಮಯ್ಯ ನೆಲ ನೋಡ್ತಾ ನಿಂತಿದ್ದ. ಅವಾಗ ಆ ಭಯ ನನಗೇ ಬಂತು ಮಾರಾಯ. ಕಂಬದ ಬುಡದಲ್ಲೇ ಕೂತು ಎರಡೂ ಕೈದು ಹೊಲಿಗೆ ಬಿಚ್ಚಿದೆ. ಮೇಲೆ ಹತ್ತಿ ಕೈ ಇಟ್ಟಿದ್ದೇ ತಡ, ಹಗ್ಗ ಜಾರ್ತು. ಗ್ಲೌಸು ನನ್ನ ಕಣ್ಣೆದುರಿಗೇ ರಾಟೆ ಒಳಗೆ ಹೋಗಿ ಆ ಕಡೆ ಬಂದು ಬಕೆಟ್ಟಿಗೆ ಬಿತ್ತು."

ಹಾಡು ಹೇಳುವ ಮನುಷ್ಯನ ತುಟಿ ಅದುರುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಅಕ್ಕ ಎದ್ದಳು. ಮೊದಲು ಅವರ ಬಲಗೈ ಹಿಡಿದು, ಕಂಬಳಿಯ ಗವಸನ್ನು ಮೆಲ್ಲಗೆ ಸುಲಿದು, ಬಟ್ಟೆಯದನ್ನೂ ಸುಲಿದು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದಳು. ಬೈಯುತ್ತಾಳೆ ಎಂದು ನಾನು ಕಾದೆ. ಬೈಯಲಿಲ್ಲ. ಎಡಗೈಯ ಕಡೆ ನೋಡಿದಳು. ಅದರಲ್ಲಿ ಇನ್ನೂ ಚರ್ಮದ ಗವಸು ಇತ್ತು. ಸ್ವಲ್ಪ ಹೊತ್ತಿನ ಹಿಂದೆ ನಾನು ಅಳುತ್ತ ಹೇಳಿದ್ದ ಹಾಗೆಯೇ ಅದರ ಬೆರಳ ತುದಿಗಳನ್ನು ಹಿಡಿದು ಒಂದು ಸಲ ಎಳೆದಳು. ಗವಸು ಅವಳ ಕೈಗೆ ಬಂತು.

"ಬಂತು" ಎಂದಳು. ಅಷ್ಟು ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಆಮೇಲೆ ನಾವು ಅವಳಿಂದ ಏನನ್ನೂ ಮುಚ್ಚಿಡಲಿಲ್ಲ. ಅವಳು ಬೆಟ್ಟಕ್ಕೆ ಬಿಡುವುದಿಲ್ಲ ಎಂದು ಭಾವ ಅಂದುಕೊಂಡದ್ದು ಸುಳ್ಳಾಯಿತು. ಬಿಟ್ಟಳು. ಒಳಗವಸು ಹೊಲಿಯುವುದನ್ನೂ ಬಿಡಲಿಲ್ಲ, ಒಂದು ಪದರವನ್ನು ಇನ್ನೊಂದಕ್ಕೆ ಮಾತ್ರ ಮತ್ತೆಂದೂ ಹೊಲಿಯಲಿಲ್ಲ. ಭಾವ ಕೆಲಸ ಬಿಡುವ ತನಕ, ರಜೆ ಮುಗಿಸಿ ಹೊರಡುವ ಪ್ರತಿ ಬೆಳಿಗ್ಗೆಯೂ ಹೊಸ್ತಿಲ ಬಳಿ ಅವರನ್ನು ನಿಲ್ಲಿಸಿಕೊಂಡು, ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ನಾಲ್ಕೂ ಕೈ ಎಳೆದು ನೋಡುತ್ತಿದ್ದಳು. ನೋಡಿ, ಗವಸನ್ನು ತಾನೇ ಮತ್ತೆ ತೊಡಿಸಿ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದಳು.

"ಬಂತು. ಹೋಗಿ ಬನ್ನಿ."